ಗೋಳಗುಮ್ಮಟದ ಗೋಡೆಗೆ ಹೇಳಿದ ಮಾತು

ಶಹಾಬಾದಿನ ಫರ್ಸಿ ಖಣಿಯಲ್ಲಿ ಭೀಮಶ್ಯಾನ ಕೆಲಸ ಕಲ್ಲು ಒಡೆಯುವುದಲ್ಲ, ಹೊರುವುದೂ ಅಲ್ಲ, ಕಲ್ಲು ಕೇಳುವುದು. ನೆಲದ ಪದರು ಬಿಡಿಸಿ ಎಬ್ಬಿಸಿದ ಫರ್ಸಿ ಹಾಸುಗಲ್ಲುಗಳನ್ನು ಮಂದಿ ಅಂಚು ಕಡಿದು ಸಾಲಾಗಿ ಒರಗಿಸಿ ನಿಲ್ಲಿಸುತ್ತಿದ್ದರು. ಭೀಮಶ್ಯಾ ಗೇಣುದ್ದದ ಸುತ್ತಿಗೆ ಹಿಡಿದು ಒಂದೊಂದರ ಮುಂದೆಯೂ ಕುಕ್ಕರಗಾಲಲ್ಲಿ ಕುಳಿತು ಐದು ಕಡೆ ಬಡಿಯುತ್ತಿದ್ದ: ನಾಲ್ಕು ಮೂಲೆ, ಒಂದು ನಡು. ಗಟ್ಟಿ ಕಲ್ಲು ಕಂಚಿನ ತಾಟಿನ ಹಾಗೆ ಠಣ್ಣೆನ್ನುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಒಡಕು ಗಡಿಗೆಯ ಹಾಗೆ ಬದ್ದೆನ್ನುತ್ತದೆ. ಠಣ್ಣೆಂದದ್ದಕ್ಕೆ ಅವನು ಕೆಮ್ಮಣ್ಣಿನ ಗೀಟು ಎಳೆಯುತ್ತಿದ್ದ. ಅದು ರೈಲಿನ ಡಬ್ಬಿ ಏರುತ್ತಿತ್ತು. ಬದ್ದೆಂದದ್ದು ಬದಿಗೆ ಬೀಳುತ್ತಿತ್ತು.

ಹೈದರಾಬಾದಿನ ಪೊಲೀಸ್ ಆಕ್ಷನ್ ಆದ ಮರುವರ್ಷ, ೧೯೪೯ರಲ್ಲಿ, ಚಿಂಚೋಳಿ ಕಡೆಯ ಐನಾಪುರದಿಂದ ಇಪ್ಪತ್ತೆರಡು ವರ್ಷದ ಈ ಮನುಷ್ಯ ಒಂದು ಕಂಬಳಿ, ಒಂದು ತಂಬಿಗೆ ಹಿಡಿದು ಬಂದಿದ್ದ. ಮೊದಲು ಹಾರೆ ಹಿಡಿದ, ಆಮೇಲೆ ಉಳಿ. ಒಂದು ದಿನ ಮಧ್ಯಾಹ್ನ ರೊಟ್ಟಿ ತಿನ್ನುತ್ತಾ ಕುಳಿತವನು, ಹತ್ತು ಮಾರು ಆಚೆ ಯಾರೋ ಕೆಳಗಿಳಿಸಿದ ಕಲ್ಲಿನ ಸದ್ದಿಗೆ ತಲೆಯೆತ್ತಿ, "ಅದರ ಬಲಮೂಲಿ ಸೀಳ್ಯದ ನೋಡ್ರಿ" ಅಂದನಂತೆ. ನೋಡಿದರೆ ಸೀಳಿತ್ತು. ಅಂದಿನಿಂದ ಉಳಿ ಇಳಿಸಿ ಸಣ್ಣ ಸುತ್ತಿಗೆ ಕೊಟ್ಟರು. ಇಪ್ಪತ್ತೆಂಟು ವರ್ಷವಾಯಿತು. ಅವನು ಗೀಟು ಎಳೆದ ಕಲ್ಲು ಸೊಲ್ಲಾಪುರಕ್ಕೆ ಹೋಯಿತು, ಹೈದರಾಬಾದಿಗೆ ಹೋಯಿತು, ಹೆಸರು ತಿಳಿಯದ ಊರುಗಳಿಗೂ ಹೋಯಿತು. ಅವನು ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ಅವನ ಕಿವಿ ಹೋದದ್ದು ಮೊದಲು ತಿಳಿದದ್ದು ಹೆಂಡತಿ ಪೀರಮ್ಮನಿಗೆ.

ಪ್ರತಿದಿನ ಇಳಿಹೊತ್ತಿನಲ್ಲಿ ಮೇಲ್ ರೈಲುಗಾಡಿ ಶಹಾಬಾದಿಗೆ ಬರುವಾಗ ದೂರದಲ್ಲೇ ಸಿಳ್ಳು ಹಾಕುತ್ತಿತ್ತು. ಕೈಕಾಲು ತೊಳೆದು ಕಟ್ಟೆಯ ಮೇಲೆ ಕುಳಿತ ಭೀಮಶ್ಯಾ, ಬೇರೆ ಯಾರಿಗೂ ಕೇಳುವ ಮೊದಲೇ, "ಗಾಡಿ ಬಂತು" ಅನ್ನುತ್ತಿದ್ದ. ಆ ಮಾತಿನಿಂದ ಏನೂ ಆಗಬೇಕಾದದ್ದಿರಲಿಲ್ಲ. ಆದರೂ ಅದಾದ ಮೇಲೆಯೇ ಪೀರಮ್ಮ ಒಲೆಗೆ ಬೆಂಕಿ ಹಾಕುತ್ತಿದ್ದಳು. ಒಂದು ದಿನ ಗಾಡಿ ಸಿಳ್ಳು ಹಾಕಿತು, ಅವನು ಅನ್ನಲಿಲ್ಲ. ದಣಿದಿರಬೇಕು ಅಂದುಕೊಂಡಳು. ಮರುದಿನವೂ ಅನ್ನಲಿಲ್ಲ. ವಾರ ಕಳೆದ ಮೇಲೆ ಅವನ ಬೆನ್ನ ಹಿಂದೆ ನಿಂತು ತಾಮ್ರದ ಕೊಡವನ್ನು ಬೇಕೆಂದೇ ಕೈಬಿಟ್ಟಳು. ಪಕ್ಕದ ಮನೆಯ ಆಡು ಹಗ್ಗ ಹರಿದುಕೊಂಡು ಓಡಿತು. ಭೀಮಶ್ಯಾ ಎಲೆಗೆ ಸುಣ್ಣ ಹಚ್ಚುತ್ತಾ ಕುಳಿತೇ ಇದ್ದ.

ಹೀಗೆ ಮೂರು ವರ್ಷ. ಯಾರಾದರೂ ಮಾತಾಡಿಸಿದರೆ ಅವನು ಮುಖ ನೋಡಿ ತಲೆಯಾಡಿಸುತ್ತಿದ್ದ. ಮೊದಲಿಂದಲೂ ಮಾತು ಕಡಿಮೆಯ ಮನುಷ್ಯನಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಸುತ್ತಿಗೆ ಮಾತ್ರ ಬಿಡಲಿಲ್ಲ. ಪೀರಮ್ಮನೂ ಅದೇ ಖಣಿಯಲ್ಲಿ ಚೂರುಗಲ್ಲಿನ ಬುಟ್ಟಿ ಹೊರುತ್ತಿದ್ದಳು. ದಿನವೂ ಕಣ್ಣಾರೆ ಕಾಣುತ್ತಿತ್ತು. ಬಡಿಯುತ್ತಾನೆ, ಕಲ್ಲಿನ ಮೇಲೆ ಎಡಗೈ ಊರಿ ಕಣ್ಣು ಮುಚ್ಚುತ್ತಾನೆ, ಗೀಟು ಎಳೆಯುತ್ತಾನೆ. ಕೇಳದ ಕಿವಿಯಿಂದ ಏನು ಕೇಳಿ ಗೀಟು ಎಳೆಯುತ್ತಾನೆ ಇವನು? ಅಂದಾಜಿನ ಮೇಲೆ ನಡೆಸಿದ್ದಾನೆ ಎಂದೇ ಅವಳ ಎದೆ ಹೇಳುತ್ತಿತ್ತು. ಸಾಲದ್ದಕ್ಕೆ ಚಪ್ಪಲಿ ಬೇರೆ ಬಿಟ್ಟಿದ್ದ. ಚೂರುಗಲ್ಲು ಚುಚ್ಚುವ ಆ ನೆಲದಲ್ಲಿ ಬರಿಗಾಲಲ್ಲಿ ತಿರುಗುತ್ತಿದ್ದ. "ಇದ್ದ ಜೋಡು ಯಾರಿಗಿಟ್ಟೀರಿ?" ಎಂದು ಪೀರಮ್ಮ ಕೈಸನ್ನೆಯಲ್ಲಿ ಬೈದರೆ, ನಕ್ಕು ತಲೆಯಾಡಿಸುತ್ತಿದ್ದ.

ಒಮ್ಮೆ ಖಣಿಯ ಕೆಲಸ ನೋಡಿಕೊಳ್ಳುವ ಮುಕಾದಮ ಅಮೀರ್ ಅಲಿ ಅವಳನ್ನು ನಿಲ್ಲಿಸಿ ಅಂದ: "ನಿನ್ನ ಗಂಡ ಭಾಳ ಬಿಗಿ ಆಗ್ಯಾನ, ಪೀರಮ್ಮ. ಮೊದಲ ನೂರು ಕಲ್ಲಿನ್ಯಾಗ ಹತ್ತು ಬದಿಗಿಡ್ತಿದ್ದ, ಈಗ ಇಪ್ಪತ್ತು ಇಡ್ಲಿಕತ್ತಾನ. ಸ್ವಲ್ಪ ಹೇಳು." ಅವನು ನಗುತ್ತಲೇ ಅಂದದ್ದು, ಅವನೂ ಭೀಮಶ್ಯಾನೂ ಜೊತೆಯಲ್ಲಿ ಹಾರೆ ಹಿಡಿದ ದೋಸ್ತರು. ಪೀರಮ್ಮನಿಗೆ ನಗು ಬರಲಿಲ್ಲ.

ಅವಳನ್ನು ಕೊರೆಯುತ್ತಿದ್ದದ್ದು ಕೂಲಿಯ ಚಿಂತೆಯಲ್ಲ. ಆ ಕಡೆಯ ಮನೆಗಳಲ್ಲಿ ಫರ್ಸಿ ನೆಲಕ್ಕಷ್ಟೇ ಅಲ್ಲ, ಮಾಡಿಗೂ ಹಾಕುತ್ತಾರೆ, ಅಟ್ಟಕ್ಕೂ ಹಾಕುತ್ತಾರೆ. ಹಿಂದಿನ ವರ್ಷ ಚಿತ್ತಾಪುರದ ಕಡೆ ಯಾವುದೋ ಹಳ್ಳಿಯಲ್ಲಿ ಅಟ್ಟದ ಕಲ್ಲು ಸೀಳಿ ಬಿದ್ದಿತ್ತು. ಕೆಳಗೆ ಗಡಿಗೆಗಳಿದ್ದವು, ಜನ ಇರಲಿಲ್ಲ. ಆ ಕಲ್ಲು ಇವರ ಖಣಿಯದ್ದಲ್ಲವೆಂದು ಆಮೇಲೆ ಗೊತ್ತಾಯಿತು. ಆದರೂ ಅಂದಿನಿಂದ ಪೀರಮ್ಮ ಮಲಗಿದಾಗ ತನ್ನ ತಲೆಯ ಮೇಲಿನ ಕಲ್ಲನ್ನು ನೋಡುತ್ತಿದ್ದಳು. ಎಲ್ಲೋ ಒಂದು ಊರಿನಲ್ಲಿ, ಇಂಥದೇ ಕಲ್ಲಿನ ಕೆಳಗೆ, ಯಾವುದೋ ತಾಯಿ ಕೂಸು ಮಲಗಿಸಿರುತ್ತಾಳೆ. ಕಲ್ಲಿನ ಮೇಲೆ ಭೀಮಶ್ಯಾನ ಗೀಟಿರುತ್ತದೆ. ಸಂಗಮನಾಥನಿಗೆ ದಿನವೂ ಕೈಮುಗಿದು ಅವಳು ಬೇಡುತ್ತಿದ್ದದ್ದು ಒಂದೇ: ಆ ಕೂಸನ್ನು ಕಾಯಪ್ಪ.

ಹಾಗಿದ್ದರೆ ಗಂಡನಿಗೆ ಹೇಳಿಬಿಡಬಾರದೇ? ಹೇಗೆ ಹೇಳುವುದು? ಕಿವಿ ಕೇಳದವನಿಗೆ ಹೇಳಬೇಕೆಂದರೆ ಕೂಗಬೇಕು. ಅವರಿದ್ದದ್ದು ಖಣಿಯವರ ಸಾಲುಮನೆ; ಆರು ಮನೆಗೂ ಒಂದೇ ಮಾಡು, ನಡುವಿನ ಗೋಡೆಗಳು ಮಾಡಿಗೆ ಮುಟ್ಟಿರಲಿಲ್ಲ. ಮೊದಲನೇ ಮನೆಯಲ್ಲಿ ಸೀನಿದರೆ ಆರನೇ ಮನೆಯವರು ಶುಭವೋ ಅಶುಭವೋ ಎಂದು ಲೆಕ್ಕ ಹಾಕುತ್ತಿದ್ದರು. ಗಂಡನ ಗುಟ್ಟನ್ನು ಗಂಡನಿಗೆ ಹೇಳಬೇಕಾದರೆ ಊರಿಗೆಲ್ಲ ಸಾರಬೇಕಾಗಿತ್ತು. ಒಮ್ಮೆ ಕಟ್ಟಿಗೆಯ ನೆವ ಮಾಡಿ ಕಾಗಿಣಾ ಹೊಳೆಯ ದಂಡೆಗೆ ಕರೆದುಕೊಂಡು ಹೋದಳು. ಸುತ್ತ ನೋಡಿ, ಧೈರ್ಯ ಮಾಡಿ, "ನಿಮ್ಮ ಕಿವಿ" ಎಂದು ಕೂಗಿದಳು. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ನಾಲ್ವರು ಕೈ ನಿಲ್ಲಿಸಿ ತಲೆಯೆತ್ತಿದರು. ಪೀರಮ್ಮ ಬಾಯಿ ಮುಚ್ಚಿ ಒಣಕಟ್ಟಿಗೆ ಆರಿಸಿದಳು. ಸನ್ನೆಯಲ್ಲಿ ಆ ಮಾತು ತೆಗೆದರೆ ಅವನು ಮುಖ ತಿರುಗಿಸಿಬಿಡುತ್ತಿದ್ದ. ಹೀಗಾಗಿ ಮೂರು ವರ್ಷದಲ್ಲಿ ಅವಳೂ ಮಾತು ಮರೆತಳು. ಆ ಮನೆಯಲ್ಲಿ ಇಬ್ಬರಿದ್ದಾರೆ ಅನ್ನುವುದು ಪಾತ್ರೆಗಳ ಸದ್ದಿನಿಂದಲೇ ಗೊತ್ತಾಗಬೇಕಿತ್ತು.

೧೯೭೮ರ ದೀಪಾವಳಿ ಕಳೆದ ಮೇಲೆ ಖಣಿಯ ನೀರೆತ್ತುವ ಎಂಜಿನ್ ಕೆಟ್ಟು ನಾಲ್ಕು ದಿನ ಕೆಲಸ ನಿಂತಿತು. ಅಮೀರ್ ಅಲಿಯ ಹೆಂಡತಿ ಜೈತುನ್ಬೀಗೆ ವಿಜಾಪುರದ ದರ್ಗಾವೊಂದಕ್ಕೆ ಚಾದರ ಹಾಕುವ ಹರಕೆ ಬಾಕಿಯಿತ್ತು. ಪೀರಮ್ಮನಿಗೆ ಕೂಡಲಸಂಗಮದ ಹೊಳೆಯಲ್ಲಿ ಒಂದು ಸಲ ಮುಳುಗಬೇಕೆಂಬ ಆಸೆ ಹಳೆಯದು. ವಿಜಾಪುರದ ತನಕ ದಾರಿ ಒಂದೇ. ಜೈತುನ್ಬೀ ತಾನೇ ಬಂದು ಕಟ್ಟೆಯ ಮೇಲೆ ಕುಳಿತು ಹೊರಡಿಸಿದಳು.

"ಮೊದಲ ದಿನ ಗೋಲಗುಮ್ಮಟ ನೋಡಮು, ಪೀರಮ್ಮಕ್ಕ. ಮರುದಿನ ನಾವು ದರ್ಗಾಕ್ಕ, ನೀವು ಸಂಗಮಕ್ಕ. ನಾ ಸಣ್ಣಾಕಿದ್ದಾಗ ನೋಡೀನಿ. ಏಳು ಅಂತಸ್ತು ಏರಬೇಕು. ಮ್ಯಾಲ ಗುಂಡಗಿನ ಓಣಿ ಇದ್ದಂಗ ಅದ. ಇಲ್ಲೆ ಗೋಡಿಗಿ ಬಾಯಿ ಹಚ್ಚಿ ಪಿಸುಗುಟ್ಟಿದ್ರ, ಆ ಕಡಿ ಕುಂತವರಿಗಿ ಕಿವ್ಯಾಗ ಬಂದು ಹೇಳಿದಂಗ ಕೇಳಸ್ತದ. ಕೂಗಬೇಕಂತಿಲ್ಲ, ಏನಿಲ್ಲ."

ಪೀರಮ್ಮ ಬೀಸುವ ಕಲ್ಲನ್ನು ನಿಲ್ಲಿಸಿದಳು. "ಪಿಸುಗುಟ್ಟಿದ್ರ?"

"ಪಿಸುಗುಟ್ಟಿದ್ರ. ಕೂಗಿದ್ರ ಏಳು ಸಲ ತಿರುಗಿ ಬರ್ತದ, ಪಿಸುಗುಟ್ಟಿದ್ರ ಸುಮ್ಮನ ಗೋಡಿ ಹಿಡಕೊಂಡು ಹೋಗ್ತದ. ನಮ್ಮ ಸಾಬಗ ಮೂವತ್ತು ವರ್ಷದಿಂದ ನಾ ಹೇಳಿದ್ದು ಒಂದೂ ಕೇಳಿಲ್ಲ. ಅಲ್ಲೇ ಕುಂದ್ರಿಸಿ ಹೇಳಬೇಕಂತ ಮಾಡೀನಿ."

ಜೈತುನ್ಬೀ ನಗುತ್ತಾ ಎದ್ದು ಹೋದಳು. ಪೀರಮ್ಮ ಹಿಟ್ಟಿನ ಕೈಯಲ್ಲೇ ದೇವರ ಮಾಡದ ಕಡೆ ತಿರುಗಿ ಕೈಮುಗಿದಳು. ಕೂಗದೆ ಹೇಳುವ ಒಂದು ಜಾಗ ಈ ಭೂಮಿಯ ಮೇಲಿದೆ, ಅದೂ ಸಂಗಮಕ್ಕೆ ಹೋಗುವ ದಾರಿಯಲ್ಲೇ ಇದೆ. ಹೊಳೆಯಲ್ಲಿ ಮುಳುಗುವ ಮೊದಲೇ ಎದೆಯ ಭಾರ ಇಳಿಸಬೇಕೆಂದು ಅವಳು ಅಂದೇ ಗಟ್ಟಿ ಮಾಡಿಕೊಂಡಳು.

ಹೊಟಗಿ ಜಂಕ್ಷನ್ನಿನಲ್ಲಿ ಇಳಿದು ಸಣ್ಣ ಹಳಿಯ ಗಾಡಿ ಹತ್ತಿ, ನಾಲ್ವರೂ ವಿಜಾಪುರ ಮುಟ್ಟುವಾಗ ಬೆಳಗಿನ ಬಿಸಿಲು ಹಳದಿಯಿತ್ತು. ಊರು ಬರುವ ಮೊದಲೇ ಗುಮ್ಮಟ ಬಂತು. ಕಿಟಕಿಯಲ್ಲಿ ಕಾಣಿಸಿಕೊಂಡದ್ದು ಗಾಡಿ ಎಷ್ಟು ಓಡಿದರೂ ಇದ್ದಲ್ಲೇ ಇತ್ತು. ಬೇವಿನ ಮರಗಳು, ಮನೆಗಳು, ಕಂಬಗಳು ಎಲ್ಲ ಹಿಂದೆ ಸರಿದವು, ಅದು ಸರಿಯಲಿಲ್ಲ. ಭೀಮಶ್ಯಾ ಕಿಟಕಿಯ ಸರಳಿಗೆ ಹಣೆ ಹಚ್ಚಿ ಕುಳಿತವನು ಸ್ಟೇಷನ್ ಬಂದರೂ ಏಳಲಿಲ್ಲ. ಪೀರಮ್ಮ ಹೆಗಲು ಹಿಡಿದು ಎಬ್ಬಿಸಬೇಕಾಯಿತು.

ಸ್ಟೇಷನ್ ಹತ್ತಿರದ ಒಂದು ಧರ್ಮಶಾಲೆಯಲ್ಲಿ ಗಂಟು ಇಳಿಸಿದರು. ಅಂಗಳಕ್ಕೆ ಹೊಸ ಕಲ್ಲು ಹಾಸುವ ಕೆಲಸ ನಡೆದಿತ್ತು. ಗೋಡೆಗುಂಟ ಫರ್ಸಿಗಳು ಒರಗಿದ್ದವು. ಯಾರ ಖಣಿಯವೋ, ಗೀಟು ಇರಲಿಲ್ಲ. ಭೀಮಶ್ಯಾ ಮುಖ ತೊಳೆಯುವ ಮೊದಲು ಅವುಗಳ ಹತ್ತಿರ ಹೋಗಿ, ಸಂತೆಯಲ್ಲಿ ಎಮ್ಮೆಯ ಬೆನ್ನು ಸವರುವವರ ಹಾಗೆ ಒಂದೊಂದನ್ನೂ ಸವರಿದ.

"ಇಲ್ಲಿಗಿ ಬಂದರೂ ಕಲ್ಲೇ ಏನು ಇಂವಗ?" ಅಂದ ಅಮೀರ್ ಅಲಿ.

"ನೀವು ಗಾಡಿ ಹತ್ತಿದಾಗಿಂದ ಖಣಿ ಎಂಜಿನ್ ಮಾತೇ ಆಡ್ಲಿಕತ್ತೀರಿ," ಅಂದಳು ಜೈತುನ್ಬೀ. "ಅವರು ಸುಮ್ಮನರ ಅದಾರ."

ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು ಗುಮ್ಮಟದ ಬುಡಕ್ಕೆ ಬಂದರು. ಬುಡದಲ್ಲಿ ನಿಂತರೆ ಗುಮ್ಮಟವೇ ಕಾಣುವುದಿಲ್ಲ, ಗೋಡೆ ಮಾತ್ರ ಕಾಣುತ್ತದೆ. ಉಳಿದ ಮೂವರು ಕತ್ತು ಹಿಂದೆ ಮಾಡಿ ಮೇಲೆ ನೋಡಿದರು. ಭೀಮಶ್ಯಾ ಮೇಲೆ ನೋಡಲಿಲ್ಲ. ಪೀರಮ್ಮ ಹಠ ಹಿಡಿದು ಹಾಕಿಸಿದ್ದ ಚಪ್ಪಲಿ ಬಿಟ್ಟ. ಗೋಡೆಯ ಕರಿಕಲ್ಲಿಗೆ ಎರಡೂ ಅಂಗೈ ಒತ್ತಿ, ಬಹಳ ಹೊತ್ತು ಕಣ್ಣು ಮುಚ್ಚಿ ನಿಂತ. ಪೂಜೆಗೆ ನಿಂತವರ ಹಾಗಿತ್ತು. ಆಮೇಲೆ, ತನಗೆ ತಾನೇ ಹೇಳಿಕೊಳ್ಳುವಂತೆ ಅಂದ:

"ಇಷ್ಟು ಕಲ್ಲು. ಇವನ್ನ ಒಂದೊಂದಾಗಿ ಕೇಳಿ ಕೊಟ್ಟವ ಒಬ್ಬಂವ ಇರಬೇಕಲ್ಲ. ಅಂವನ ಹೆಸರು ಯಾರೂ ಬರ್ದಿರಂಗಿಲ್ಲ. ಒಂದಿನ ಉಂಡಿರ್ತಾನ, ಒಂದಿನ ಉಪಾಸ ಇರ್ತಾನ. ಆದ್ರ ಕೆಲಸ ಚೊಕ್ಕ ಮಾಡ್ಯಾನ."

ಅಷ್ಟು ಉದ್ದ ಮಾತನ್ನು ಪೀರಮ್ಮ ಅವನ ಬಾಯಿಂದ ಕೇಳಿ ವರ್ಷವಾಗಿತ್ತು. ಇಂಥ ಮನುಷ್ಯನಿಗೆ, ಇದೇ ದಿನ, ಕೆಲಸ ಬಿಡೆಂದು ಹೇಗೆ ಹೇಳಲಿ ಎಂದು ಅವಳ ಕಾಲು ಒಂದು ಗಳಿಗೆ ತಡೆಯಿತು. ಹೇಳಬೇಕಾದದ್ದಂತೂ ಇತ್ತು.

ಮೂಲೆಯ ಮಿನಾರಿನೊಳಗಿನ ಮೆಟ್ಟಿಲು ಇಕ್ಕಟ್ಟು, ಕತ್ತಲು, ಸುತ್ತಿ ಸುತ್ತಿ ಮೇಲೇರುತ್ತದೆ. ಅಂತಸ್ತು ಅಂತಸ್ತಿಗೂ ಜೈತುನ್ಬೀ ಕುಳಿತು, "ಇದನ್ನ ಕಟ್ಟಿಸಿದ ಬಾದಶಾಹನ ಹೆಂಡ್ತಿಗಿ ಮಣಕಾಲ ಬ್ಯಾನಿ ಇರಲಿಲ್ಲ ಕಾಣಸ್ತದ" ಅಂದಳು. ಕಡೆಗೆ ಸಣ್ಣ ಬಾಗಿಲು ದಾಟಿ ಗುಮ್ಮಟದ ಒಳಮಗ್ಗುಲಿಗೆ ಬಂದರು. ಪೀರಮ್ಮ ಹೆಜ್ಜೆ ಮುಂದಿಡದೆ ನಿಂತಳು. ಕಂಬವಿಲ್ಲ, ತೊಲೆಯಿಲ್ಲ, ಆಕಾಶವನ್ನು ಕೊಯ್ದು ಬೋರಲು ಹಾಕಿದಷ್ಟು ಬಯಲು. ಅದರ ಸುತ್ತ ಗೋಡೆಗೆ ಹತ್ತಿ ಎತ್ತಿನ ಬಂಡಿ ಹೋಗುವಷ್ಟು ಅಗಲದ ಓಣಿ. ನಡುವೆ, ಆಳದಲ್ಲಿ, ಗೋರಿಗಳು ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿದ್ದವು. ಅವಳ ಕಣ್ಣು ತುಂಬಿತು. ದೇವರು ಯಾವ ಗುಡಿಯಲ್ಲಿದ್ದಾನೋ ಅವನೇ ಇಲ್ಲಿಯೂ ಇರಬೇಕು, ಇಲ್ಲದಿದ್ದರೆ ಮನುಷ್ಯರ ಕೈಗೆ ಇಷ್ಟು ಹೇಗೆ ಬಂತು ಅನ್ನಿಸಿತು.

ಹೆಚ್ಚು ಜನರಿರಲಿಲ್ಲ. ಬಾಗಲಕೋಟೆ ಕಡೆಯ ಒಬ್ಬ ಅತ್ತೆ, ಸೊಸೆ, ಅವರ ಗಂಡಸರು. ಪಹರೆಯ ಮುದುಕ ಒಂದು ಕಾಗದದ ಚೂರು ತೆಗೆದುಕೊಂಡು ಆ ಕಡೆಗೆ ಹೋಗಿ ಗೋಡೆಯ ಹತ್ತಿರ ಹಿಡಿದು ಹರಿದ. ಪರ್ರೆಂದು ಇಲ್ಲಿ ಕಿವಿಯ ಬುಡದಲ್ಲೇ ಹರಿದಂತಾಯಿತು. ಎಲ್ಲರೂ ಬೆರಗಾಗಿ ನಕ್ಕರು. ಭೀಮಶ್ಯಾನೂ ನಕ್ಕ, ಎಲ್ಲರ ಮುಖ ನೋಡಿ, ಒಂದು ಗಳಿಗೆ ತಡೆದು. ಆ ಒಂದು ಗಳಿಗೆ ಪೀರಮ್ಮನಿಗೆ ಮಾತ್ರ ಕಂಡಿತು. ಹತ್ತಿರದ ಮಾತು ಕೇಳದಿದ್ದರೂ ಈ ಗೋಡೆಯ ಮಾತು ಬೇರೆ ಇರಬೇಕು, ಬಾಯಿ ಹಚ್ಚಿ ಹೇಳಿದರೆ ಖಂಡಿತ ಕೇಳುತ್ತದೆ ಎಂದು ಅವಳು ತನಗೇ ಧೈರ್ಯ ಹೇಳಿಕೊಂಡಳು.

ಕೈ ಹಿಡಿದು ಕರೆದುಕೊಂಡು ಹೋಗಿ ಅವನನ್ನು ಆ ಕಡೆ ಗೋಡೆಗೆ ಕಿವಿ ಹಚ್ಚಿಸಿ ಕೂರಿಸಿದಳು. ಇಲ್ಲೇ ಕುಳಿತಿರಿ ಎಂದು ಸನ್ನೆ ಮಾಡಿದಳು. ಓಣಿ ಸುತ್ತಿ ಎದುರಿಗೆ ಬಂದು ಕುಳಿತಳು. ನಡುವಿನಲ್ಲಿ ಅಮೀರ್ ಅಲಿ, ಜೈತುನ್ಬೀ ದಣಿದು ಗೋಡೆಗೆ ಒರಗಿ ಎಲೆ ಅಡಿಕೆ ತೆಗೆದಿದ್ದರು, ಅವರಾಚೆ ಬಾಗಲಕೋಟೆಯವರು. ಅವರೆಲ್ಲ ದೂರವೇ ಇದ್ದರು, ಅವರ ಕಡೆ ಅವಳ ಲಕ್ಷ್ಯವಿರಲಿಲ್ಲ. ಸೆರಗನ್ನು ಮುಖದ ಮೇಲೆಳೆದು, ತಣ್ಣಗಿನ ಗೋಡೆಗೆ ತುಟಿ ಹಚ್ಚಿ, ಮೂರು ವರ್ಷದ ಮಾತನ್ನು ಉಸಿರಿನಷ್ಟು ಮೆಲ್ಲಗೆ ಇಳಿಸಿದಳು.

"ಕೇಳ್ರಿ. ನಾ ಪೀರಮ್ಮ. ನಿಮ್ಮ ಕಿವಿ ಹೋಗ್ಯಾವಂತ ನನಗ ಗೊತ್ತದ. ಮೂರು ವರ್ಷ ಆತು, ಯಾರ ಮುಂದೂ ಅಂದಿಲ್ಲ. ಇನ್ನ ಆ ಕಲ್ಲು ಕೇಳೋ ಕೆಲಸ ಬಿಟ್ಟುಬಿಡ್ರಿ. ಯಾರದರ ಮನ್ಯಾಗ ಕೂಸಿನ ಮ್ಯಾಲ ಬಿತ್ತಂದ್ರ ಆ ಪಾಪ ಯಾವ ಹೊಳ್ಯಾಗ ತೊಳೀಬೇಕು? ನಿಮಗ ಮೈಯಾಗ ಆರಾಮಿಲ್ಲಂತ ಮುಕಾದಮ ಸಾಬಗ ಹೇಳಮು, ಅಂವಗ ಗೊತ್ತಾಗಂಗಿಲ್ಲ. ನಾ ಇನ್ನೊಂದು ಬುಟ್ಟಿ ಹೆಚ್ಚಿಗಿ ಹೊರ್ತೀನಿ. ನೀವು ಮನ್ಯಾಗ ಕುಂದ್ರಿ. ನಿಮ್ಮ ಮರ್ಯಾದಿ ಹೋಗಲಾರದಂಗ ನಾ ನೋಡ್ಕೋತೀನಿ."

ಸೆರಗು ಸರಿಸಿ ನೋಡಿದಳು. ದೂರದಲ್ಲಿ ಭೀಮಶ್ಯಾ ಕೈಯೆತ್ತಿ, ತಲೆಯಾಡಿಸಿದ. ಅವಳ ಎದೆ ಹಗುರಾಯಿತು. ಆದರೆ ಆ ತಲೆಯಾಟ ದಿನನಿತ್ಯದ್ದೇ ಎಂದು ಹೊಳೆಯುವುದಕ್ಕೂ, ನಡುವೆ ಕುಳಿತವರ ಮುಖ ಕಣ್ಣಿಗೆ ಬೀಳುವುದಕ್ಕೂ ಸರಿಹೋಯಿತು. ಜೈತುನ್ಬೀಯ ಕೈಯಲ್ಲಿ ಸುಣ್ಣ ಹಚ್ಚಿದ ಎಲೆ ಹಾಗೇ ನಿಂತಿತ್ತು. ಬಾಗಲಕೋಟೆಯ ಅತ್ತೆ ಸೊಸೆಯ ತೊಡೆ ಮುಟ್ಟಿ ಸುಮ್ಮನಾಗಿಸಿದ್ದಳು. ಅಮೀರ್ ಅಲಿ ಎದ್ದು ನಿಂತಿದ್ದ. ಗೋಡೆಗೆ ಒರಗಿದ್ದ ಎಲ್ಲರೂ ಕೇಳಿದ್ದರು. ಕೇಳಬೇಕಾದ ಒಬ್ಬನೇ ಕೇಳಿರಲಿಲ್ಲ.

ಜೈತುನ್ಬೀ ಬಂದು ಅವಳ ಪಕ್ಕ ಕುಳಿತಳು. "ಪೀರಮ್ಮಕ್ಕ, ಈ ಗೋಡಿ ಒಬ್ಬರಿಗೇ ಹೇಳಂಗಿಲ್ಲ ಅನ್ನೋದು ಹೇಳಲಿಕ್ಕಿ ಮರ್ತೆ ನಾ. ತಪ್ಪು ನಂದು."

ಬಾಗಲಕೋಟೆಯ ಅತ್ತೆ ಎದ್ದು ಹೋಗುವಾಗ ಬಗ್ಗಿ ಅವಳ ಬೆನ್ನು ಸವರಿದಳು. "ಅಳಬ್ಯಾಡ ತಂಗಿ. ನಮ್ಮ ಮನಿಯವರದು ಎರಡೂ ಕಿವಿ ನೆಟ್ಟಗ ಅದಾವ, ಅವರೂ ಏನೂ ಕೇಳಂಗಿಲ್ಲ."

ಅಮೀರ್ ಅಲಿ ಮುಖ ಗಂಟು ಹಾಕಿಕೊಂಡು ಭೀಮಶ್ಯಾನ ಹತ್ತಿರ ಹೋಗಿ, ತೋಳು ಹಿಡಿದು ಎಬ್ಬಿಸಿ, ಮೆಟ್ಟಿಲ ಕಡೆ ನಡೆದ. ಏಳು ಅಂತಸ್ತು ಇಳಿಯುವಾಗ ಪೀರಮ್ಮನಿಗೆ ಮುಂದೆ ಹೋಗುತ್ತಿದ್ದ ಇಬ್ಬರ ಬೆನ್ನು ಮಾತ್ರ ಕಾಣುತ್ತಿತ್ತು. ಇಪ್ಪತ್ತೆಂಟು ವರ್ಷ ಕಟ್ಟಿಕೊಂಡ ಹೆಸರನ್ನು ಒಂದೇ ಉಸಿರಿಗೆ ನಾನೇ ಕೆಡವಿದೆ, ಸಂಗಮನಾಥ, ಇನ್ನು ನೀನೇ ಗತಿ ಅಂದುಕೊಳ್ಳುತ್ತಾ ಅವಳು ಗೋಡೆ ಹಿಡಿದು ಇಳಿದಳು. ಕೂಸಿನ ಚಿಂತೆ ಮಾತ್ರ ಆಗಲೂ ಬಿಟ್ಟಿರಲಿಲ್ಲ. ಹೆಸರು ಹೋದರೂ ಹೋಗಲಿ, ಕಲ್ಲಿಗೆ ಇನ್ನು ಆ ಗೀಟು ಬೀಳುವುದಿಲ್ಲವಲ್ಲ ಎಂದೂ ಒಂದು ಮನಸ್ಸು ಹೇಳುತ್ತಿತ್ತು.

ಧರ್ಮಶಾಲೆಯ ಅಂಗಳಕ್ಕೆ ಬಂದ ಮೇಲೆ ಅಮೀರ್ ಅಲಿ ತಿರುಗಿ ನಿಂತ. ಭೀಮಶ್ಯಾನ ಮುಖಕ್ಕೆ ಮುಖ ಕೊಟ್ಟು, ಕುತ್ತಿಗೆಯ ನರ ಉಬ್ಬುವ ಹಾಗೆ ಕೂಗಿದ: "ಕಿವಿ ಯಾವಾಗ ಹೋದವು?"

ಬೇವಿನ ಮರದ ಪಾರಿವಾಳಗಳು ಹಾರಿದವು. ಭೀಮಶ್ಯಾ ಹೆಂಡತಿಯ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು. ಆಗ ಅವನಿಗೆ ಎಲ್ಲ ತಿಳಿಯಿತು. ಅವನಿಗೆ ಸಿಟ್ಟು ಬರಲಿಲ್ಲ. ಹೊತ್ತ ಕಲ್ಲನ್ನು ಇಳಿಸಿದವನ ಹಾಗೆ ಉಸಿರು ಬಿಟ್ಟ.

"ಮೂರು ವರ್ಷ ಆತು, ಸಾಬ್."

"ಮೂರು ವರ್ಷದಿಂದ ನೀ ಗೀಟು ಎಳೆದ ಕಲ್ಲು ನಾ ಡಬ್ಬಿ ತುಂಬಸ್ಲಿಕತ್ತೀನಿ. ಯಾತರಿಂದ ಎಳೀತಿ ಗೀಟು?"

ಕೂಗಿಗೆ ಅಗಲವಾಗಿ ತೆರೆದ ಅವನ ಬಾಯಿ ನೋಡಿಯೇ ಭೀಮಶ್ಯಾ ಮಾತು ಹಿಡಿಯುತ್ತಿದ್ದ. "ಮೊದಲ ಆರು ತಿಂಗಳ ಭಾಳ ಅಂಜಿದ್ದೆ. ಎಡಗಿವಿ ಪೂರ್ತಿ ಹೋಗಿ ಬಲಗಿವಿ ಸ್ವಲ್ಪ ಕೇಳ್ತಿತ್ತು, ಆಗ. ಕಿವಿಲೆ ಒಂದು ಸಲ ಕೇಳ್ತಿದ್ದೆ, ಕೈಲೆ ಒಂದು ಸಲ ಕೇಳ್ತಿದ್ದೆ. ಎರಡೂ ಕೂಡಿದ್ರ ಗೀಟು. ಕೂಡಲಿಲ್ಲಂದ್ರ ಬದಿಗಿ. ಹಂಗ ಮಾಡ್ತ ಮಾಡ್ತ ಬಲಗಿವಿ ಹೋಗೋದ್ರಾಗ ಕೈ ಕಲ್ತಿತ್ತು."

"ಕೈ ಏನು ಕೇಳ್ತದ?"

ಭೀಮಶ್ಯಾ ಚಪ್ಪಲಿ ಬಿಟ್ಟು ಗೋಡೆಗೆ ಒರಗಿದ್ದ ಮೊದಲ ಫರ್ಸಿಯ ಹತ್ತಿರ ಹೋದ. ಬುಡದ ಅಂಚಿಗೆ ಬಲಗಾಲಿನ ಬೆರಳು ಒತ್ತಿದ, ಹಿಂದುಗಡೆಗೆ ಎಡ ಅಂಗೈ ಹಚ್ಚಿದ, ನೆಲದ ಮೇಲಿದ್ದ ಗುಂಡುಗಲ್ಲಿನಿಂದ ಮೂಲೆಗೆ ಬಡಿದ. "ಗಟ್ಟಿ ಕಲ್ಲಿನ ನಡುಕ ಮಣಕೈ ತನಕ ಏರಿ ಒಂದೀಟು ನಿಂದರ್ತದ. ಒಡಕಿಂದು ಅಂಗೈದಾಗೇ ಸಾಯ್ತದ."

ಪೀರಮ್ಮನಿಗೆ ಖಣಿಯ ದಿನಗಳು ಕಣ್ಣ ಮುಂದೆ ಬಂದು ನಿಂತವು. ಕಲ್ಲಿನ ಮೇಲೆ ಊರಿದ ಕೈ ದಣಿವಿನದಲ್ಲ. ಬರಿಗಾಲು ಮರೆವಿನದಲ್ಲ. ಚೂರುಗಲ್ಲು ಚುಚ್ಚಿಸಿಕೊಂಡು ಅವನು ಮೂರು ವರ್ಷ ಕಾಲಿನಿಂದ ಕೇಳುತ್ತಿದ್ದ. ಅವಳು ಅದನ್ನೇ ಬೈಯುತ್ತಿದ್ದಳು.

ಅಮೀರ್ ಅಲಿ ಅಷ್ಟಕ್ಕೇ ಒಪ್ಪುವವನಲ್ಲ. ಅವನೂ ಮೂವತ್ತು ವರ್ಷ ಕಲ್ಲಿನ ನಡುವೆ ಬದುಕಿದವನು, ಕಿವಿ ಚೆನ್ನಾಗಿತ್ತು. ಕಲ್ಲಿಗೆ ಬೆನ್ನು ಮಾಡಿ ನಿಂತು, ಬಡಿಯಲು ಹೇಳಿದ. ಅವನು ಕಿವಿಯಿಂದ ಕೇಳುವುದು, ಭೀಮಶ್ಯಾ ಕೈಯಿಂದ ಕೇಳುವುದು, ಇಬ್ಬರೂ ಜೈತುನ್ಬೀಗೆ ಬೆರಳು ತೋರಿಸುವುದು: ಒಂದು ಬೆರಳು ಗಟ್ಟಿ, ಎರಡು ಬೆರಳು ಒಡಕು. ಮೊದಲನೆಯದು ಇಬ್ಬರಿಗೂ ಗಟ್ಟಿ. ಎರಡನೆಯದು, ಮೂರನೆಯದು ಗಟ್ಟಿ. ನಾಲ್ಕನೆಯದು ಇಬ್ಬರಿಗೂ ಒಡಕು. ಐದನೆಯದಕ್ಕೆ ಅಮೀರ್ ಅಲಿ ಒಂದು ಬೆರಳೆತ್ತಿದ, ಭೀಮಶ್ಯಾ ಎರಡು.

"ಇದು ಠಣ್ಣ ಅಂತದಲ್ಲೋ," ಅಂದ ಅಮೀರ್ ಅಲಿ.

ಭೀಮಶ್ಯಾ ಮತ್ತೊಮ್ಮೆ ಕೈ ಹಚ್ಚಿ ಬಡಿದ. ಮತ್ತೆ ಎರಡು ಬೆರಳು.

ಖಣಿಯವರಿಗೆ ಇಂಥ ಜಗಳ ಬಿಡಿಸುವ ಹಾದಿ ಗೊತ್ತು. ಕಲ್ಲಿಗೆ ನೀರು ಸುರಿದು ಬಿಸಿಲಿಗೆ ಬಿಡಬೇಕು. ಮೇಲಿನ ನೀರು ಆರುತ್ತದೆ, ಬಿರುಕು ಕುಡಿದ ನೀರು ಆರುವುದಿಲ್ಲ. ಪೀರಮ್ಮ ಯಾರೂ ಹೇಳದೆಯೇ ತಂಬಿಗೆ ತಂದು ಕಲ್ಲಿನ ಉದ್ದಗಲಕ್ಕೂ ನೀರೆರೆದಳು. ನಾಲ್ವರೂ ಅದರ ಮುಂದೆ ಕುಳಿತರು. ಧರ್ಮಶಾಲೆ ನೋಡಿಕೊಳ್ಳುವವನೂ ಬಂದು, "ಏನ್ ಪೂಜೆರೀ ಇದು?" ಎಂದು ಕೇಳಿ ನಿಂತ. ಕಪ್ಪಗೆ ತೊಯ್ದ ಕಲ್ಲು ಅಂಚಿನಿಂದ ಬಿಳುಪಾಗುತ್ತಾ ಬಂತು. ಪೀರಮ್ಮ ರೆಪ್ಪೆ ಬಡಿಯದೆ ನೋಡಿದಳು. ಏನು ಬೇಡಬೇಕೆಂದು ಅವಳಿಗೆ ತಿಳಿಯಲಿಲ್ಲ. ನಿಜ ಇದ್ದದ್ದು ಕಾಣಲಿ ಎಂದಷ್ಟೇ ಬೇಡಿದಳು. ಕಲ್ಲೆಲ್ಲ ಆರಿದ ಮೇಲೆ, ಎಡಮೂಲೆಯಿಂದ ನಡುವಿನ ತನಕ, ಒಂದು ಕಪ್ಪು ದಾರ ಉಳಿಯಿತು. ದಾರವೂ ಅಲ್ಲ, ಕೂದಲು.

ಅಮೀರ್ ಅಲಿ ಬೆರಳಿನಿಂದ ಅದನ್ನು ಗುರುತಿಸಿ ನೋಡಿದ. ಟೋಪಿ ತೆಗೆದು ತಲೆ ಕೆರೆದುಕೊಂಡ.

ಕಡೆಯದು ತೆಳ್ಳಗಿನ ಕಲ್ಲು. ಅದಕ್ಕೆ ಭೀಮಶ್ಯಾ ಕೈ ಹಚ್ಚಿ, ಬಡಿದು, ಮತ್ತೆ ಬಡಿದು, ಯಾವ ಬೆರಳನ್ನೂ ಎತ್ತಲಿಲ್ಲ. "ತೆಳ್ಳಂದು ನನ್ನ ಕೈಗಿ ನೆಟ್ಟಗ ತಿಳೀವಲ್ದು. ಇಂಥವು ಬದಿಗಿಡ್ತೀನಿ. ನೀ ಬೈತೀದಿ, ಬೈಸ್ಕೋತೀನಿ. ತಿಳೀಲಾರದ ಕಲ್ಲಿಗಿ ಗೀಟು ಎಳೆದಿಲ್ಲ, ಸಾಬ್. ಒಂದೂ ಎಳೆದಿಲ್ಲ." ಆ ಕೊನೆಯ ಮಾತನ್ನು ಅವನು ಅಮೀರ್ ಅಲಿಗೆ ಹೇಳಲಿಲ್ಲ, ಪೀರಮ್ಮನ ಕಡೆ ತಿರುಗಿ ಹೇಳಿದ.

ನೂರರಲ್ಲಿ ಇಪ್ಪತ್ತು ಯಾಕೆ ಬದಿಗೆ ಬೀಳುತ್ತಿದ್ದವೆಂದು ಅವಳಿಗೆ ಆಗ ತಿಳಿಯಿತು. ಅವನು ಅಂದಾಜು ಮಾಡುತ್ತಿರಲಿಲ್ಲ. ಅವಳು ಮಲಗಿ ಮಾಡು ನೋಡುತ್ತಾ ಕಾಯುತ್ತಿದ್ದ ಕೂಸನ್ನು ಅವನೂ ಹಗಲೆಲ್ಲ ಕಾಯುತ್ತಿದ್ದ.

"ನನಗ ಹೇಳಬೇಕಿತ್ತು," ಎಂದು ಅಮೀರ್ ಅಲಿ ಕೂಗಿದ. ಸಿಟ್ಟು ಇನ್ನೂ ಇತ್ತು. "ನಾ ನಿನ್ನ ದೋಸ್ತ ಹೌದೋ ಅಲ್ಲೋ? ಎಲ್ಲರ ಒಂದು ಕಲ್ಲು ಬಿದ್ದು ಯಾರಿಗರ ಏನರ ಆಗಿದ್ರ, ಕಿವುಡನ ಕೈಯಾಗ ಕಲ್ಲು ನೋಡಸ್ಯಾನಂತ ನನಗ ಮಂದಿ ಮಾರಿ ಮ್ಯಾಲ ಅಂತಿದ್ರು."

"ಹೇಳಿದ್ರ ನೀ ಸುತ್ತಿಗಿ ಕಸ್ಕೋತಿದ್ದಿ."

"ಕಸ್ಕೋತಿದ್ದೆ."

"ಅದಕ್ಕ ಹೇಳಲಿಲ್ಲ."

ಜೈತುನ್ಬೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಮೀರ್ ಅಲಿಗೂ ನಗು ತಡೆಯಲಾಗಲಿಲ್ಲ. ಕಟ್ಟೆಯ ಮೇಲೆ ಕುಳಿತು ಬೀಡಿ ಹಚ್ಚಿ ಅವನು ಅಂದದ್ದು ಇಷ್ಟು: ಭೀಮಶ್ಯಾನ ಸುತ್ತಿಗೆ ಭೀಮಶ್ಯಾನ ಕೈಯಲ್ಲೇ ಇರುತ್ತದೆ. ಆದರೆ ಮಾಡಿಗೆ, ಅಟ್ಟಕ್ಕೆ ಹೋಗುವ ಕಲ್ಲು ಅವನ ಗೀಟು ಬಿದ್ದ ಮೇಲೆಯೂ ನೀರು ಕುಡಿಯಬೇಕು. ಒಂದು ಬಿಡದೆ. ಆ ನೀರು ಹಾಕಿ ಆರುವ ತನಕ ಕಾದು ನೋಡುವ ಕೆಲಸ ಪೀರಮ್ಮನದು. ಬುಟ್ಟಿ ಹೊರುವುದು ಬಂದ್. "ಪಾಪದ ಅಂಜಿಕಿ ಆಕಿಗಿದ್ದಷ್ಟು ನಮ್ಮ ಖಣಿದಾಗ ಯಾರಿಗೂ ಇಲ್ಲ," ಅಂದ. "ಅಂಥವರ ಕಣ್ಣೇ ಬೇಕು."

ಸಂಜೆ ಅಂಗಳದ ಬೇವಿನ ಕೆಳಗೆ ಪೀರಮ್ಮ ಗಂಡನ ಎದುರಿಗೆ ಕುಳಿತಳು. ಕೂಗುವ ರೂಢಿ ತಪ್ಪಿಹೋಗಿತ್ತು. ಮೊದಲ ಸಲ ದನಿ ಒಡೆದು ಬಂತು. "ಅಲ್ಲಿ ಮ್ಯಾಲ, ಗೋಡ್ಯಾಗ, ನಾ ಹೇಳಿದ್ದು ಏನರ ಕೇಳ್ಸಿತ್ತೇನು?"

"ಏನೂ ಕೇಳ್ಸಲಿಲ್ಲ."

"ಮತ್ತ ತಲಿ ಯಾಕ ಆಡ್ಸಿದ್ರಿ?"

"ಅಷ್ಟೊತ್ತು ಗೋಡಿಗಿ ಮಾರಿ ಹಚ್ಚಿ ಕುಂತಿದ್ದಿ. ನೀ ಅಷ್ಟು ಹೊತ್ತು ಹೇಳೋದು ಖರೇ ಮಾತೇ ಇರ್ತದಂತ ಆಡ್ಸಿದೆ."

ವರಾಂಡದಲ್ಲಿದ್ದ ಯಾತ್ರಿಕರೆಲ್ಲ ನಕ್ಕರು. ಪೀರಮ್ಮನಿಗೆ ನಾಚಿಕೆಯಾಯಿತು, ಆದರೆ ದನಿ ಇಳಿಸಲಿಲ್ಲ. ಆ ಸಂಜೆ ಅವಳು ಮೂರು ವರ್ಷದ ಮಾತು ಆಡಿದಳು: ತಂಗಿಯ ಮಗಳ ಬಾಣಂತನ, ಸತ್ತುಹೋದ ಎಮ್ಮೆ, ಸೋರುವ ಬಚ್ಚಲು. ಅವನು ಬಾಯಿ ನೋಡುತ್ತಾ ಕೇಳಿದ. ನಡುನಡುವೆ ಅವಳ ಕೈ ಹಿಡಿದು, ಮಣಿಕಟ್ಟಿನ ಮೇಲೆ ಅಂಗೈ ಇಟ್ಟುಕೊಂಡ. ಎದುರಿಗೆ ಗುಮ್ಮಟ ಸಂಜೆಯ ಬಿಸಿಲಿನಲ್ಲಿ ಕೆಂಪಾಗಿತ್ತು.

ಮರುದಿನ ಸಂಗಮದಲ್ಲಿ ಮುಳುಗಿದಾಗ ಪೀರಮ್ಮನಿಗೆ ಬೇಡಲು ಏನೂ ಉಳಿದಿರಲಿಲ್ಲ. ಮೂರು ಸಲ ಮುಳುಗಿ, ಕೈಮುಗಿದು, ಎದ್ದು ಬಂದಳು.

ಆಮೇಲೆ ಭೀಮಶ್ಯಾ ಎಂಟು ವರ್ಷ ಆ ಕೆಲಸ ಮಾಡಿದ. ಕಿವಿ ನೆಟ್ಟಗಿದ್ದ ಮೂವರಿಗೆ ಕೈಯಿಂದ ಕೇಳುವುದನ್ನೂ ಕಲಿಸಿದ. ಬರಿಗಾಲಲ್ಲಿ ಬರದವರಿಗೆ ಕಲಿಸುತ್ತಿರಲಿಲ್ಲ. ಅವನ ಪಕ್ಕದಲ್ಲಿ ಪೀರಮ್ಮ ತಂಬಿಗೆ ಹಿಡಿದು, ತೊಯ್ದ ಕಲ್ಲು ಆರುವುದನ್ನೇ ನೋಡುತ್ತಾ ಕುಳಿತಿರುತ್ತಿದ್ದಳು. ಪೀರಮ್ಮನ ಕೂಗು ಕೇಳಿ ಸಾಲುಮನೆಯವರು ಮೊದಮೊದಲು ಆಡಿಕೊಂಡರು, ಆಮೇಲೆ ಅವರಿಗೆ ರೂಢಿಯಾಯಿತು. ಇಂದು ಪೀರಮ್ಮನ ಮನೆಯಲ್ಲಿ ಪುಂಡಿಪಲ್ಯವೋ ಬೇಳೆಯೋ ಎಂಬುದು ಆರೂ ಮನೆಗೆ ಗೊತ್ತಿರುತ್ತಿತ್ತು. ಇಳಿಹೊತ್ತಿನಲ್ಲಿ ಮೇಲ್ ಗಾಡಿ ಸಿಳ್ಳು ಹಾಕಿದ ಕೂಡಲೇ ಅವಳು ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು:

"ಗಾಡಿ ಬಂತು ನೋಡ್ರಿ."

ಗಾಡಿಯ ನಡುಕ ಹತ್ತಿದ ಕಟ್ಟೆಯ ಕಲ್ಲಿಗೆ ಅಂಗೈ ಊರಿ ಕುಳಿತ ಭೀಮಶ್ಯಾ ತಿರುಗಿ ನೋಡದೆ ಅನ್ನುತ್ತಿದ್ದ: "ಆಗಳೇ ಬಂತು."